ಚಿತ್ರವೇ ಉಳಿಯದ ಅರಮನೆ: ಗೇರುಸೊಪ್ಪೆಯನ್ನು ವಿಡಿಯೊ ಗೇಮ್ ಆಗಿಸಿದ ಒಂದು ಪ್ರಕರಣ

ಶಿರಸಿಯಲ್ಲಿ ಕೆಲಸ ಮಾಡುವ ಸಣ್ಣ ತಂಡವೊಂದು ಹದಿನಾರನೆಯ ಶತಮಾನದ ಗೇರುಸೊಪ್ಪೆಯನ್ನು, ಅದರಲ್ಲೂ ಅಲ್ಲಿನ ಅರಮನೆಯನ್ನು, ಸಾಹಸದ ವಿಡಿಯೊ ಗೇಮ್ ಆಗಿ ರೂಪಿಸಿದ ಪ್ರಕರಣ ಇದು. ಇತಿಹಾಸದ ಸಲಹೆಗಾರನಾಗಿ ನಾನು ಆರಂಭದಿಂದಲೂ ಅವರ ಜೊತೆಗಿದ್ದೆ. ತಂಡದ ಹೆಸರು, ಆಟದ ಹೆಸರು, ಹಣ ಹೂಡಿದವರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಂಡದವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ತಮ್ಮ ಊರಿನ ಅರಸರ ಕಥೆಯನ್ನು ಆಟವಾಗಿಸಲು ಹೊರಡುವವರಿಗೆ ಇವರು ತೆಗೆದುಕೊಂಡ ತೀರ್ಮಾನಗಳು ನೆರವಾಗಬಹುದು ಎಂಬ ನಂಬಿಕೆ ನನ್ನದು.

ಹಿನ್ನೆಲೆ

ಗೇರುಸೊಪ್ಪೆ ಹೊನ್ನಾವರದಿಂದ ಶರಾವತಿಯ ಉದ್ದಕ್ಕೂ ಸುಮಾರು 30 ಕಿಲೋಮೀಟರ್ ಒಳಗಿದೆ. ಹಳೆಯ ರಾಜಧಾನಿ ಇದ್ದ ಜಾಗ ನಗರಬಸ್ತಿಕೇರಿ. ಇಂದು ಅಲ್ಲಿಗೆ ಹೋದವರಿಗೆ ಮುಖ್ಯವಾಗಿ ಕಾಣುವುದು ಚತುರ್ಮುಖ ಬಸದಿ: ನಾಲ್ಕೂ ದಿಕ್ಕಿಗೆ ಬಾಗಿಲು ತೆರೆದುಕೊಂಡ, ಶಿಲಾಮಯವಾದ ಜೈನ ದೇವಾಲಯ. ಸುತ್ತಲಿನ ಕಾಡಿನಲ್ಲಿ ಬೇರೆ ಬಸದಿಗಳ ಅವಶೇಷಗಳು, ಶಾಸನದ ಕಲ್ಲುಗಳು ಇವೆ. ಲಕ್ಷ ಮನೆಗಳೂ ಎಂಬತ್ತನಾಲ್ಕು ದೇವಾಲಯಗಳೂ ಇದ್ದ ಊರು ಎಂಬ ಜನರ ಮಾತನ್ನು ಬ್ರಿಟಿಷರ ಕಾಲದ ಗ್ಯಾಜೆಟಿಯರ್ ದಾಖಲಿಸಿದೆ. ಈ ರಾಜ್ಯದ ಕೊನೆಯ ದೊಡ್ಡ ಹೆಸರು ಸಾಳುವ ವಂಶದ ರಾಣಿ ಚೆನ್ನಭೈರಾದೇವಿ. ಅವಳ ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606ರವರೆಗೆ ಎಂದು ಗುರುತಿಸುತ್ತಾರೆ. ಪೋರ್ಚುಗೀಸರು ಗೇರುಸೊಪ್ಪೆಯ ರಾಣಿಯನ್ನು ‘ರೈನಾ ದ ಪಿಮೆಂಟಾ’, ಅಂದರೆ ಕಾಳುಮೆಣಸಿನ ರಾಣಿ ಎಂದು ಕರೆದರು. ಅವಳೊಡನೆ ವ್ಯಾಪಾರವನ್ನೂ ಮಾಡಿದರು, ಯುದ್ಧವನ್ನೂ ಮಾಡಿದರು. ಕೊನೆಗೆ ಅವಳನ್ನು ಸೋಲಿಸಿದ್ದು ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕ. ಅವಳು ಅವನ ರಾಜಧಾನಿ ಇಕ್ಕೇರಿಯ ಸೆರೆಯಲ್ಲಿ ತೀರಿಕೊಂಡಳೆಂದು ಹೇಳುತ್ತಾರೆ.

ಅರಮನೆಯ ಬಗ್ಗೆ ನಮಗೆ ಸಿಕ್ಕಿದ ಮುಖ್ಯ ಸಾಕ್ಷಿ ಅದು ಹಾಳಾದ ನಂತರದ್ದು. ಇಟಲಿಯ ಪ್ರವಾಸಿ ಪಿಯೆಟ್ರೋ ಡೆಲ್ಲಾ ವಾಲೆ 1623ರಲ್ಲಿ, ಮಳೆಗಾಲ ಮುಗಿದ ಹೊತ್ತಿನಲ್ಲಿ, ಪೋರ್ಚುಗೀಸ್ ರಾಯಭಾರಿಯೊಬ್ಬನ ಜೊತೆ ಇಕ್ಕೇರಿಗೆ ಹೊರಟಿದ್ದ. ಹೊನ್ನಾವರದಿಂದ ದೋಣಿಯಲ್ಲಿ ನದಿಯ ಮೇಲ್ಮುಖವಾಗಿ ಬಂದು ಗೇರುಸೊಪ್ಪೆಯಲ್ಲಿ ಇಳಿದ. ನದಿಯ ಚೆಲುವನ್ನು ಅವನು ಮನಸಾರೆ ಹೊಗಳಿದ್ದಾನೆ. ಒಂದು ಕಾಲದಲ್ಲಿ ಸಿರಿವಂತವಾಗಿದ್ದ ನಗರ, ರಾಣಿಯ ಆಸ್ಥಾನ ಈಗ ಮರಗಳು ಬೆಳೆದು ಮುಚ್ಚಿಹೋಗಿದೆ, ಉಳಿದಿರುವುದು ಕೆಲವು ಗುಡಿಸಲುಗಳು ಎಂದೂ ಬರೆದಿದ್ದಾನೆ. ರಾಜ್ಯ ಬಿದ್ದು ಇನ್ನೂ ಎರಡು ದಶಕವೂ ಆಗಿರಲಿಲ್ಲ.

ತಂಡದಲ್ಲಿ ಐದು ಜನ: ಕಥೆ ಬರೆಯುವವಳು, ಚಿತ್ರಕಾರ, ಇಬ್ಬರು ಪ್ರೋಗ್ರಾಮರುಗಳು, ಧ್ವನಿ ನೋಡಿಕೊಳ್ಳುವವನು. ಎಲ್ಲರೂ ಶಿರಸಿ, ಸಿದ್ದಾಪುರ, ಕುಮಟಾ ಕಡೆಯವರು. ಬೆಂಗಳೂರಿನಲ್ಲಿ ಬೇರೆಯವರ ಆಟಗಳಿಗೆ ಗುತ್ತಿಗೆಯ ಕೆಲಸ ಮಾಡಿ, ಊರಿಗೆ ಮರಳಿ ಸ್ವಂತದ್ದೊಂದು ಮಾಡಬೇಕೆಂದು ಹೊರಟವರು. 1606ರ ಮುತ್ತಿಗೆಯ ರಾತ್ರಿ ಅರಮನೆಯೊಳಗೆ ಸಿಕ್ಕಿಬಿದ್ದ ಹುಡುಗಿಯೊಬ್ಬಳು ರಾಣಿಯ ಮುದ್ರೆಯನ್ನು ಹೊರಗೆ ಸಾಗಿಸಬೇಕು. ಇದು ಅವರ ಮೊದಲ ಕಥೆ. ಆಟ ನಡೆಯಬೇಕಾದದ್ದು ಬಹುಪಾಲು ಅರಮನೆಯೊಳಗೇ. ಸಾಧಾರಣ ಮೊಬೈಲ್‌ನಲ್ಲಿಯೂ ಅದು ಓಡಬೇಕಿತ್ತು.

ಸಮಸ್ಯೆ

ಚಿತ್ರಕಾರ ಮೊದಲು ತಂದ ಅರಮನೆ ಕಣ್ಣಿಗೆ ಹಬ್ಬವಾಗಿತ್ತು. ಗುಮ್ಮಟಗಳು, ಕಮಾನುಗಳ ಸಾಲು, ಹಾಲುಗಲ್ಲಿನ ನೆಲ, ಗೋಡೆಯಿಂದ ಹೊರಚಾಚಿದ ಕೆತ್ತನೆಯ ಕಿಟಕಿಗಳು. ಅರ್ಧದಷ್ಟು ಭಾಗಗಳು ಇಂಟರ್‌ನೆಟ್‌ನಲ್ಲಿ ಮಾರಾಟಕ್ಕಿರುವ ಸಿದ್ಧ ಮಾದರಿಗಳು. ಅವುಗಳನ್ನು ರಾಜಸ್ಥಾನದ ಕೋಟೆಗಳನ್ನು ನೋಡಿ ಮಾಡಿದ್ದಾರೆ. ಉಳಿದದ್ದರಲ್ಲಿ ಮೈಸೂರು ಅರಮನೆಯ ನೆರಳಿತ್ತು. ನಮ್ಮಲ್ಲಿ ಯಾರಿಗೆ ಅರಮನೆ ಬರೆಯಲು ಹೇಳಿದರೂ ಕೈ ಮೊದಲು ಮೈಸೂರಿನತ್ತ ಹೋಗುತ್ತದೆ. ಆ ಕಟ್ಟಡ ಮುಗಿದದ್ದು 1912ರಲ್ಲಿ. ಅದರ ವಿನ್ಯಾಸ ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯದು. ಅದಕ್ಕಿಂತ ಹಿಂದೆ ಅಲ್ಲಿದ್ದ ಅರಮನೆ ಮರದ್ದಾಗಿತ್ತು, 1897ರಲ್ಲಿ ಸುಟ್ಟುಹೋಯಿತು. ಕರ್ನಾಟಕದ ಅರಮನೆಗಳನ್ನು ಕುರಿತು ಯೋಚಿಸುವವರು ಮೊದಲು ನೆನೆಯಬೇಕಾದದ್ದು ಆ ಸುಟ್ಟುಹೋದ ಮರದ ಅರಮನೆಯನ್ನು. ಹಂಪಿಯ ರಾಜಾವರಣದಲ್ಲಿಯೂ ಅರಮನೆಗಳ ಕಲ್ಲಿನ ತಳಪಾಯಗಳಷ್ಟೇ ಉಳಿದಿವೆ. ಮೇಲಿನ ಮರದ ಕೆಲಸವೆಲ್ಲ ನಾಶವಾಗಿದೆ.

ನಾನು ಇದನ್ನು ಹೇಳಿದಾಗ ಚಿತ್ರಕಾರನ ಉತ್ತರ ಸಿದ್ಧವಾಗಿತ್ತು. “ಸರ್, ದೊಡ್ಡ ಕಂಪನಿಗಳೇ ಹೀಗೆ ಮಾಡುತ್ತವೆ. ‘ಅಸಾಸಿನ್ಸ್ ಕ್ರೀಡ್ ಯೂನಿಟಿ’ಯಲ್ಲಿ ಫ್ರಾನ್ಸಿನ ಕ್ರಾಂತಿಯ ಕಾಲದ ಪ್ಯಾರಿಸ್ಸಿನ ನೋಟ್ರ್ ಡಾಮ್ ಚರ್ಚ್ ಇದೆ. ಅದರ ಮೇಲೆ ನೂರು ವರ್ಷ ಕೂಡ ಹಳೆಯದಲ್ಲದ ಶಿಖರ ಇಟ್ಟಿದ್ದಾರೆ ಎಂದು ಯಾರಾದರೂ ಆಟ ಬಿಟ್ಟರೇ?” ಎಂದ. ಶಿಖರ ಎಷ್ಟು ಹಳೆಯದು ಎಂಬುದರಲ್ಲಿ ಅವನ ಲೆಕ್ಕ ತಪ್ಪಿತ್ತು, ವಾದದಲ್ಲಿ ಹುರುಳಿತ್ತು. 2014ರ ಆ ಆಟದಲ್ಲಿ ಕಾಣುವ ಶಿಖರ ಹತ್ತೊಂಬತ್ತನೆಯ ಶತಮಾನದ ನಡುವೆ ವಾಸ್ತುಶಿಲ್ಪಿ ವಿಯೊಲೆ-ಲ-ಡ್ಯೂಕ್ ಕಟ್ಟಿಸಿದ್ದು. ಕಥೆ ನಡೆಯುವುದು ಅದಕ್ಕೂ ಅರ್ಧ ಶತಮಾನಕ್ಕಿಂತ ಹೆಚ್ಚು ಮೊದಲು. ಜನರು ಕಣ್ಣಾರೆ ಕಂಡ ಚರ್ಚನ್ನೇ ಆಟದಲ್ಲಿಯೂ ಕಾಣಬಯಸುತ್ತಾರೆಂದು ಹಾಗೆ ಮಾಡಿದರು.

ನಮ್ಮ ಪ್ರಕರಣದ ತಿರುಳು ಈ ವಾದದ ಉತ್ತರದಲ್ಲಿದೆ. ನೋಟ್ರ್ ಡಾಮ್‌ಗೆ ಸಾವಿರಾರು ಚಿತ್ರಗಳಿವೆ, ನಕ್ಷೆಗಳಿವೆ, ಪುಸ್ತಕಗಳಿವೆ. ಆಟ ತಪ್ಪು ಹೇಳಿದರೆ ತಿದ್ದಲು ನೂರು ದಾರಿಗಳಿವೆ. ಗೇರುಸೊಪ್ಪೆಯ ಅರಮನೆಗೆ ಒಂದು ಚಿತ್ರವೂ ಇಲ್ಲ. ನಮ್ಮ ಹುಡುಗರು ಮಾಡುವ ಚಿತ್ರವೇ ಮೊದಲನೆಯದು. ನಾಳೆ ಶಾಲೆಯ ಮಗುವೊಂದು ಮೊಬೈಲ್‌ನಲ್ಲಿ ‘ಗೇರುಸೊಪ್ಪೆ ಅರಮನೆ’ ಎಂದು ಹುಡುಕಿದರೆ ಬರುವುದು ಅದೇ. ಅದನ್ನು ನೋಡಿಯೇ ಇನ್ನೊಬ್ಬರು ಸ್ತಬ್ಧಚಿತ್ರ ಮಾಡುತ್ತಾರೆ, ಮತ್ತೊಬ್ಬರು ಪುಸ್ತಕದ ಮುಖಪುಟ ಬರೆಯುತ್ತಾರೆ. ಹತ್ತು ವರ್ಷದಲ್ಲಿ ಗುಮ್ಮಟವೇ ಇತಿಹಾಸವಾಗುತ್ತದೆ. ಚಿತ್ರ ಇಲ್ಲದ ಅರಮನೆಗೆ ಮೊದಲ ಚಿತ್ರ ಕೊಡುವವರ ಹೊಣೆ ಪ್ಯಾರಿಸ್ ಅನ್ನು ಮರಳಿ ತೋರಿಸುವವರ ಹೊಣೆಗಿಂತ ದೊಡ್ಡದು. ಆ ದಿನ ನಾನು ಹೇಳಿದ್ದು ಇಷ್ಟೇ. ಚಿತ್ರಕಾರ ಒಪ್ಪಲಿಲ್ಲ, ಆದರೆ ಗುಮ್ಮಟದ ಕೆಲಸ ನಿಲ್ಲಿಸಿದ.

ಪ್ರಯತ್ನಗಳು

ಎಲ್ಲರ ಮನಸ್ಸಿಗೆ ಮೊದಲು ಬಂದದ್ದು ಮಿರ್ಜಾನ್ ಕೋಟೆ. ಕುಮಟಾ ಹತ್ತಿರ, ಅಘನಾಶಿನಿಯ ಬಳಿ ಇರುವ ಆ ಕೋಟೆಯನ್ನು ಜನರು ರಾಣಿಯ ಹೆಸರಿನೊಡನೆಯೇ ನೆನೆಯುತ್ತಾರೆ. ಮಳೆಗಾಲದಲ್ಲಿ ಪಾಚಿ ಹಸಿರಾದ ಅದರ ಚಿರೇಕಲ್ಲಿನ ಗೋಡೆಗಳು ಯಾರನ್ನಾದರೂ ಸೆಳೆಯುತ್ತವೆ. ಅದನ್ನೇ ಅರಮನೆಯಾಗಿ ತೋರಿಸಿದರೆ ಆಟಗಾರರಿಗೆ ಗುರುತು ಸಿಗುತ್ತದೆ, ಕೆಲಸವೂ ಅರ್ಧ ಉಳಿಯುತ್ತದೆ. ತಂಡ ಅಲ್ಲಿಗೆ ಹೋಗಿ ಫೋಟೊ, ಅಳತೆ ಎಲ್ಲ ತಂದಿತು. ಆದರೆ ಕೋಟೆ ಹಲವು ಅರಸೊತ್ತಿಗೆಗಳ ಕೈ ದಾಟಿ ಬಂದದ್ದು. ಈಗ ನಿಂತಿರುವ ರೂಪದಲ್ಲಿ ನಂತರದವರ ಕೆಲಸವೂ ಸೇರಿದೆ. ಕಾವಲಿಗೆ ಕಟ್ಟಿದ ಕೋಟೆಯೇ ಬೇರೆ, ರಾಣಿಯೊಬ್ಬಳು ಅರ್ಧ ಶತಮಾನ ಕುಳಿತು ಆಳಿದ ಮನೆಯೇ ಬೇರೆ. ಮಿರ್ಜಾನ್‌ನಿಂದ ತೆಗೆದುಕೊಳ್ಳಬಹುದಾದದ್ದು ಕಲ್ಲು: ಚಿರೇಕಲ್ಲಿನ ಬಣ್ಣ, ಅದು ಮಳೆ ಕುಡಿದು ಕಪ್ಪಾಗುವ ಬಗೆ, ಮೂಲೆಗಳನ್ನು ಜೋಡಿಸುವ ರೀತಿ. ಅಷ್ಟನ್ನು ತೆಗೆದುಕೊಂಡರು.

ಆಮೇಲೆ ನಾವು ಹೋಲಿಕೆಗಳನ್ನು ಹುಡುಕಿದೆವು. ಮೂಡಬಿದಿರೆಯ ಚೌಟರ ಅರಮನೆಯಲ್ಲಿ ನವನಾರೀಕುಂಜರ ಕೆತ್ತಿದ ಮರದ ಕಂಬಗಳು ಉಳಿದಿವೆ. ಅದೂ ಕರಾವಳಿಯ ಜೈನ ಅರಸುಮನೆತನದ್ದು, ಮಳೆಯೂ ಅದೇ ಮಳೆ. ಸಾವಿರ ಕಂಬದ ಬಸದಿಯಲ್ಲಿ ಕಲ್ಲಿನ ಕಂಬಗಳ ಮೇಲೆ ಇಳಿಜಾರಾದ ಮಾಡುಗಳಿವೆ. ಅದರ ಮುಂದಿನ ಮಾನಸ್ತಂಭವನ್ನು ನಿಲ್ಲಿಸಿದವಳು ಗೇರುಸೊಪ್ಪೆ ಮನೆತನದ ರಾಣಿ ನಾಗಲದೇವಿ ಎಂದು ಹೇಳುತ್ತಾರೆ. ಭಟ್ಕಳದ ಖೇತಪೈ ನಾರಾಯಣ ದೇವಾಲಯದಲ್ಲಿ ಮಾಡಿಗೂ ಕಲ್ಲಿನ ಹಲಗೆಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಮರದಲ್ಲಿ ಕಟ್ಟುತ್ತಿದ್ದ ಕೈಗಳು ಅದೇ ಆಕಾರವನ್ನು ಕಲ್ಲಿನಲ್ಲಿ ಹಿಡಿದಿಟ್ಟದ್ದು ಅಲ್ಲಿ ಎದ್ದು ಕಾಣುತ್ತದೆ. ಕವಲೇದುರ್ಗದಲ್ಲಿ ಅರಮನೆಯ ಕಲ್ಲಿನ ತಳ, ಅಡುಗೆಮನೆಯ ಒಲೆ ಇವೆ. ಇವುಗಳನ್ನೆಲ್ಲ ಒಟ್ಟಿಗೆ ಇಟ್ಟಾಗ ಒಂದು ಆಕಾರ ಮೂಡಿತು: ಚಿರೇಕಲ್ಲಿನ ಎತ್ತರದ ತಳಪಾಯ, ಅದರ ಮೇಲೆ ಮರದ ಕಂಬಗಳು, ತಗ್ಗಿ ಇಳಿದ ಮಾಡು, ಒಂದರ ಹಿಂದೊಂದು ಅಂಗಳಗಳು, ಅಗಲವಾದ ಜಗುಲಿ, ನದಿಯ ಕಡೆಗೆ ಮೆಣಸಿನ ಉಗ್ರಾಣಗಳು.

ಈ ಹಂತದಲ್ಲಿ ಕಥೆ ಬರೆಯುವವಳು ಮಾಡಿದ ಒಂದು ಕೆಲಸ ಮುಂದಿನ ಎಲ್ಲದಕ್ಕೂ ಆಧಾರವಾಯಿತು. ಆಟದಲ್ಲಿ ಕಾಣುವ ಪ್ರತಿ ವಸ್ತುವಿಗೂ ಅವಳು ಮೂರರಲ್ಲಿ ಒಂದು ಬಣ್ಣ ಕೊಟ್ಟಳು. ಗೇರುಸೊಪ್ಪೆಯದೇ ಸಾಕ್ಷಿ ಇದ್ದರೆ ಹಸಿರು. ಹತ್ತಿರದ ಊರು ಮತ್ತು ಹತ್ತಿರದ ಕಾಲದ ಹೋಲಿಕೆಯಿಂದ ತಂದದ್ದಾದರೆ ಹಳದಿ. ತಂಡದ ಊಹೆಯಾದರೆ ಕೆಂಪು. ಚತುರ್ಮುಖ ಬಸದಿ ಹಸಿರು, ಅರಮನೆಯ ಕಂಬಗಳು ಹಳದಿ, ರಾಣಿಯ ಸಿಂಹಾಸನ ಕೆಂಪು. ಯಾವ ಬಣ್ಣವನ್ನೂ ಅವಳು ನಿಷೇಧಿಸಲಿಲ್ಲ. ಆದರೆ ಒಂದು ದೃಶ್ಯದಲ್ಲಿ ಕೆಂಪು ಹೆಚ್ಚಾದರೆ ಎಲ್ಲರೂ ಕುಳಿತು ಮಾತನಾಡಬೇಕಿತ್ತು.

ಆ ಪಟ್ಟಿ ಹಿಡಿದು ಹುಡುಕಿದಾಗ ಎಷ್ಟೆಲ್ಲ ಸಿಕ್ಕಿತು! ಮಾಡಿಗೆ ಮಂಗಳೂರು ಹೆಂಚು ಹೊದಿಸಿದ್ದರು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೆಣಸಿನ ಬಳ್ಳಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿತ್ತು. ಅದು ಆಸ್ಟ್ರೇಲಿಯಾದಿಂದ ಬಂದದ್ದು. ಬೆಟ್ಟದ ಮೇಲೆಲ್ಲ ಅಕೇಶಿಯಾ, ದಾರಿಯ ಬದಿಗೆ ಗುಲ್‌ಮೊಹರ್; ಅವೂ ಆಮೇಲೆ ಹೊರನಾಡಿನಿಂದ ಬಂದವೇ. ಅವನ್ನೆಲ್ಲ ಬದಲಿಸಿ ಬಳ್ಳಿಯನ್ನು ಹಲಸಿಗೂ ಹಾಲವಾಣಕ್ಕೂ ಅಡಿಕೆಗೂ ಹಬ್ಬಿಸಿದರು. ಸಂತೆಯಲ್ಲಿ ಕೆಂಪು ಒಣಮೆಣಸಿನಕಾಯಿಯ ರಾಶಿ ಇತ್ತು. ಮೆಣಸಿನಕಾಯಿ ಈ ನಾಡಿಗೆ ಪೋರ್ಚುಗೀಸರ ಹಡಗುಗಳಲ್ಲಿ ಬಂದ ಬೆಳೆ. ಕಾಳುಮೆಣಸಿನಿಂದಲೇ ಬದುಕಿದ ರಾಜ್ಯದ ಸಂತೆಯಲ್ಲಿ ಅದರದೇ ರಾಶಿ ಎದ್ದು ಕಾಣುವುದು ನನಗೆ ಸಹಿಸಲಾಗಲಿಲ್ಲ. ಆಸ್ಥಾನದವರಿಗೆ ಯಕ್ಷಗಾನದ ಕಿರೀಟ, ಭುಜಕೀರ್ತಿ ತೊಡಿಸಿದ್ದರು. ಒಡ್ಡೋಲಗ ನೋಡಿ ಬೆಳೆದ ಕಣ್ಣಿಗೆ ಅರಸು ಎಂದರೆ ಹಾಗೆಯೇ ಕಾಣಬೇಕು. ಅದನ್ನು ಬಿಡಲು ಚಿತ್ರಕಾರನಿಗೆ ನಿಜವಾಗಿಯೂ ನೋವಾಯಿತು. ಆಟದೊಳಗೆ ಊರಿನವರು ಆಡುವ ಒಂದು ಬಯಲಾಟದಲ್ಲಿ ಆ ವೇಷಗಳನ್ನು ಉಳಿಸಿಕೊಂಡ.

ನದಿಯ ವಿಷಯವನ್ನು ತಿದ್ದಿದವರು ಹೊನ್ನಾವರದ ಕಡೆಯ ಹಿರಿಯ ಅಂಬಿಗರೊಬ್ಬರು. ತಂಡ ತಂದಿದ್ದ ಶರಾವತಿಯ ಚಿತ್ರಗಳೆಲ್ಲ ಈಗಿನವು. ಮೇಲೆ ಲಿಂಗನಮಕ್ಕಿ, ಗೇರುಸೊಪ್ಪೆಯಲ್ಲಿಯೇ ವಿದ್ಯುದಾಗಾರ ಬಿಟ್ಟ ನೀರನ್ನು ಹಿಡಿಯುವ ಟೇಲ್‌ರೇಸ್ ಅಣೆಕಟ್ಟು. ನೀರು ಬರುವುದೂ ಬಿಡುವುದೂ ವಿದ್ಯುತ್ ಉತ್ಪಾದನೆಯ ಲೆಕ್ಕದಲ್ಲಿ. ಆಟದಲ್ಲಿ ಹುಡುಗಿ ಯಾವ ಹೊತ್ತಿನಲ್ಲಿ ಬೇಕಾದರೂ ಹುಟ್ಟು ಹಾಕಿಕೊಂಡು ಮೇಲಕ್ಕೆ ಹೋಗುತ್ತಿದ್ದಳು. ಅವರು ಅದನ್ನು ನೋಡಿ, “ತಂಗಿ, ತುಂಬಿದ ದೋಣಿಯನ್ನು ಇಳಿತದಲ್ಲಿ ಮೇಲಕ್ಕೆ ಒಯ್ಯುವುದಕ್ಕೆ ಯಾರಿಗೂ ತೋಳಿಲ್ಲ. ಉಬ್ಬರ ಬರುವವರೆಗೆ ದಡದಲ್ಲಿ ಕೂತಿರಬೇಕು” ಎಂದರು. ಸಮುದ್ರದ ಉಬ್ಬರ ಆ ನದಿಯೊಳಗೆ ಬಹಳ ದೂರ ನುಗ್ಗುತ್ತದೆ. ಅಂದಿನಿಂದ ಆಟದಲ್ಲಿ ಗಡಿಯಾರದ ಬದಲು ಉಬ್ಬರ ಇಳಿತ ಬಂತು. ಅರಮನೆಗೆ ಮೆಣಸು ಯಾವಾಗ ಇಳಿಯುತ್ತದೆ, ರಾಯಭಾರಿ ಯಾವಾಗ ಬರುತ್ತಾನೆ, ತಪ್ಪಿಸಿಕೊಳ್ಳುವವರು ಯಾವಾಗ ಹೊರಡಬಹುದು ಎಲ್ಲವನ್ನೂ ನೀರೇ ನಿರ್ಧರಿಸತೊಡಗಿತು.

ರಾತ್ರಿಯ ಔತಣ

ಮೊದಲ ದೊಡ್ಡ ತಿರುವು ಔತಣದ ದೃಶ್ಯದಲ್ಲಿ ಬಂತು. ಪೋರ್ಚುಗೀಸ್ ರಾಯಭಾರಿಗೆ ರಾಣಿ ಅರಮನೆಯಲ್ಲಿ ಔತಣ ಕೊಡುತ್ತಾಳೆ. ದೀವಟಿಗೆಗಳ ಬೆಳಕು, ಬೆಳ್ಳಿಯ ತಟ್ಟೆಗಳಲ್ಲಿ ಹುರಿದ ಮಾಂಸ, ಮೂಲೆಯಲ್ಲಿ ಪಿಸುಮಾತು, ಕತ್ತಲಲ್ಲಿ ನಾಯಕಿ ಮುದ್ರೆ ಕದಿಯುವುದು. ಆಟದ ದೃಷ್ಟಿಯಿಂದ ಒಳ್ಳೆಯ ದೃಶ್ಯ. ತಂಡದವರು ಅದನ್ನು ನಮಗೆ ಪರಿಚಯದ ಜೈನ ಹಿರಿಯರೊಬ್ಬರಿಗೆ ತೋರಿಸಿದರು. ಅವರು ಬಹಳ ಹೊತ್ತು ನೋಡಿ, “ಬಸದಿಗಳನ್ನು ಕಟ್ಟಿಸಿದ ಮನೆತನ ಅದು. ಸೂರ್ಯ ಮುಳುಗಿದ ಮೇಲೆ ರಾಣಿ ಎಲೆಯ ಮುಂದೆ ಕೂರುತ್ತಾಳೆಯೇ, ಮಗಳೇ?” ಎಂದು ಕಥೆ ಬರೆಯುವವಳನ್ನು ಕೇಳಿದರು. ಮಾಂಸದ ಮಾತನ್ನು ಅವರು ಎತ್ತಲೇ ಇಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ದೃಶ್ಯವನ್ನೇ ಕೈಬಿಡೋಣ ಎಂದು ಒಬ್ಬರು, ಔತಣವನ್ನು ರಾಯಭಾರಿಯ ಬಿಡಾರಕ್ಕೆ ಒಯ್ಯೋಣ ಎಂದು ಇನ್ನೊಬ್ಬರು ಹೇಳಿದರು. ಕಥೆ ಬರೆಯುವವಳು ಎರಡನ್ನೂ ಒಪ್ಪದೆ, ಆ ಪ್ರಶ್ನೆಯನ್ನೇ ದೃಶ್ಯದ ಒಳಗೆ ತಂದಳು. ಊಟ ಈಗ ಇಳಿಹೊತ್ತಿನಲ್ಲಿ ಶುರುವಾಗುತ್ತದೆ. ಉಬ್ಬರ ತಡವಾದ್ದರಿಂದ ರಾಯಭಾರಿ ತಡವಾಗಿ ಬರುತ್ತಾನೆ. ಸೂರ್ಯ ಮುಳುಗುವುದರೊಳಗೆ ರಾಣಿ ಏಳುತ್ತಾಳೆ. ಅಷ್ಟರೊಳಗೆ ಮೆಣಸಿನ ಬೆಲೆ ತೀರ್ಮಾನವಾಗಬೇಕು. ಖಂಡಿಗೆ ಎಷ್ಟು ಎಂಬ ಮಾತು ನಡೆಯುತ್ತಿರುವಂತೆ ಜಗುಲಿಯ ಬಿಸಿಲು ಕಂಬದಿಂದ ಕಂಬಕ್ಕೆ ಸರಿಯುತ್ತದೆ. ರಾಯಭಾರಿ ಮಾತು ಎಳೆದಷ್ಟೂ ಅವನಿಗೇ ನಷ್ಟ. ರಾಣಿಯ ನೇಮವೇ ಅವಳ ಕೈಯಲ್ಲಿ ಚೌಕಾಸಿಯ ಬಲವಾಗುತ್ತದೆ. ಇಡೀ ಆಟದಲ್ಲಿ ನಾನು ಅತ್ಯಂತ ಮೆಚ್ಚಿದ ಭಾಗ ಇದು. ಒಬ್ಬರ ಧರ್ಮದ ನೇಮವನ್ನು ಗೌರವಿಸಿದ್ದರಿಂದ ಕಥೆ ಬಡವಾಗಲಿಲ್ಲ, ಬಿಗಿಯಾಯಿತು.

ಚತುರ್ಮುಖ ಬಸದಿಯ ವಿಷಯ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ನಾಲ್ಕು ಬಾಗಿಲಿನ ಕಟ್ಟಡ ಎಂದರೆ ಅಡಗಿ ಹೊಂಚು ಹಾಕುವ ಆಟಕ್ಕೆ ಹೇಳಿ ಮಾಡಿಸಿದ್ದು. ಕೆಳದಿಯ ಸೈನಿಕರೊಡನೆ ಕೊನೆಯ ಕಾಳಗ ಅಲ್ಲಿಯೇ ಎಂದು ಪ್ರೋಗ್ರಾಮರುಗಳು ಆಗಲೇ ಕೆಲಸ ಮುಗಿಸಿದ್ದರು. ಇಂದಿಗೂ ಜನರು ದರ್ಶನಕ್ಕೆ ಬರುವ ಸ್ಥಳದಲ್ಲಿ, ಅಹಿಂಸೆಯನ್ನೇ ಪರಮಧರ್ಮ ಎಂದ ಜಿನನ ಎದುರು, ಆಟಗಾರ ರಕ್ತ ಚೆಲ್ಲಬೇಕೆ? ತಂಡದಲ್ಲಿ ಮಾತು ಬಿರುಸಾಯಿತು. ಮಾಡಿದ ಕೆಲಸವನ್ನು ಎಸೆಯುವುದು ಸಣ್ಣ ತಂಡಕ್ಕೆ ಸಣ್ಣ ನಷ್ಟವಲ್ಲ. ಕೊನೆಗೆ ಕಾಳಗವನ್ನು ಹೊನ್ನಾವರದ ಅಳಿವೆಯ ಬಳಿಗೆ ಸಾಗಿಸಿದರು. ಬಸದಿಯ ಬಾಗಿಲಲ್ಲಿ ನಾಯಕಿ ಕತ್ತಿ, ಪಾದರಕ್ಷೆ ಎರಡನ್ನೂ ಬಿಟ್ಟು ಒಳಗೆ ಹೋಗುತ್ತಾಳೆ; ಯಾವ ಬಾಗಿಲಿನಿಂದ ಬಂದರೂ ಎದುರಿಗೆ ಜಿನಬಿಂಬ.

ರಾಣಿಯ ಮೇಲಿನ ಅಪವಾದ

ಡೆಲ್ಲಾ ವಾಲೆ ಅರಮನೆ ಹಾಳಾದದ್ದನ್ನು ಮಾತ್ರ ಬರೆದು ಸುಮ್ಮನಾಗಲಿಲ್ಲ. ಕೊನೆಯ ರಾಣಿ ಕೀಳು ಸ್ಥಿತಿಯ ಪರದೇಶಿಯೊಬ್ಬನಿಗೆ ಮನಸೋತು ರಾಜ್ಯವನ್ನು ಅವನ ಕೈಗೆ ಕೊಟ್ಟಳು, ಅವನು ಅವಳಿಗೇ ತಿರುಗಿಬಿದ್ದ, ಹಾಗಾಗಿ ರಾಜ್ಯ ಮುಳುಗಿತು ಎಂಬ ಕಥೆಯನ್ನೂ ಹೇಳುತ್ತಾನೆ. ಹಣ ಹೂಡಲು ಬಂದಿದ್ದ ದೊಡ್ಡ ಊರಿನ ಸಂಸ್ಥೆಗೆ ಈ ಕಥೆ ತಿಳಿದ ಕೂಡಲೇ ಅದನ್ನೇ ಮುಖ್ಯ ಕಥೆಯಾಗಿಸಿ ಎಂದರು. ಪ್ರೇಮ, ದ್ರೋಹ, ಉರಿಯುವ ಅರಮನೆ. ಟ್ರೇಲರ್‌ನಲ್ಲಿ ರಾಣಿಯ ಕೈಗೆ ಕತ್ತಿ ಇರಲಿ ಎಂಬುದು ಇನ್ನೊಂದು ಬೇಡಿಕೆ.

ಸಾಕ್ಷಿಯನ್ನು ಹೇಗೆ ಓದಬೇಕು ಎಂಬ ಪಾಠವನ್ನು ತರಗತಿಯಲ್ಲಿ ಎಷ್ಟೋ ಸಲ ಮಾಡಿದ್ದೇನೆ. ಆದರೆ ಒಂದು ಹೆಣ್ಣಿನ ಮಾನ ಅದರ ಮೇಲೆ ನಿಂತಿರುವಾಗ ಅದು ಬರೀ ಪಾಠವಾಗಿ ಉಳಿಯುವುದಿಲ್ಲ. ಡೆಲ್ಲಾ ವಾಲೆ ಯಾರ ಜೊತೆ ಪ್ರಯಾಣ ಮಾಡುತ್ತಿದ್ದ? ಪೋರ್ಚುಗೀಸರ ರಾಯಭಾರಿಯ ಜೊತೆ. ಅವರು ಅವಳೊಡನೆ ಕಾದಾಡಿದವರು. ಎಲ್ಲಿಗೆ ಹೋಗುತ್ತಿದ್ದ? ಅವಳನ್ನು ಸೆರೆಹಿಡಿದ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ. ಅದೇ ಪ್ರಯಾಣದಲ್ಲಿ ನಾಯಕನ ರಾಯಭಾರಿಯೂ ಜೊತೆಗಿದ್ದ. ಅವನ ಸುತ್ತಲೂ ಇದ್ದದ್ದು ಸೋತವಳ ಎದುರಾಳಿಗಳ ಕಡೆಯವರು. ಗೆದ್ದವರು ಸೋತ ರಾಣಿಯ ಬಗ್ಗೆ ಇಂತಹ ಕಥೆ ಹೇಳುವುದು ಹೊಸದೇನಲ್ಲ. ಗಂಡಸು ರಾಜ್ಯ ಕಳೆದುಕೊಂಡರೆ ಯುದ್ಧದಲ್ಲಿ ಸೋತ ಎನ್ನುತ್ತಾರೆ, ಹೆಂಗಸು ಕಳೆದುಕೊಂಡರೆ ಕಾರಣವನ್ನು ಅವಳ ಅಂತಃಪುರದಲ್ಲಿ ಹುಡುಕುತ್ತಾರೆ. ಇಷ್ಟನ್ನು ನಾನು ಬರೆದುಕೊಟ್ಟೆ.

ಅಪವಾದವನ್ನು ಪೂರ್ತಿ ಅಳಿಸಿಬಿಡೋಣ ಎಂದು ತಂಡದ ಹಿರಿಯ ಪ್ರೋಗ್ರಾಮರ್ ಹೇಳಿದ. ನನ್ನ ಅಭಿಪ್ರಾಯ ಬೇರೆಯಾಗಿತ್ತು. ಅದು ದಾಖಲೆಯಲ್ಲಿ ಇರುವ ಮಾತು. ನಾವು ಮುಚ್ಚಿಟ್ಟರೆ ನಾಳೆ ಬೇರೆ ಯಾರೋ ಅದನ್ನೇ ಗುಟ್ಟು ಬಯಲಾಯಿತು ಎಂದು ತೋರಿಸುತ್ತಾರೆ. ಇರಲಿ, ಆದರೆ ಯಾರ ಬಾಯಿಂದ ಬಂತು ಎಂಬುದರ ಜೊತೆಗೇ ಇರಲಿ ಎಂದೆ. ಅಲ್ಲಿಂದ ಆಟದ ರೂಪವೇ ಬದಲಾಯಿತು.

ಒಂದು ಅರಮನೆ ಮೂರಾದದ್ದು

ಹೊಸ ಆಟ 1623ರಲ್ಲಿ ಶುರುವಾಗುತ್ತದೆ. ನಾಯಕಿ ಹೊನ್ನಾವರದ ಅಂಬಿಗನ ಮೊಮ್ಮಗಳು, ಓದು ಬರಹ ಬಲ್ಲವಳು. ಇದು ಕೆಂಪು ಬಣ್ಣದ ಊಹೆಯೇ. ಆದರೆ ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಆ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ ಎಂದು ಬರೆದಿರುವಾಗ, ಆ ಬಂದರಿನಲ್ಲಿ ಅಕ್ಷರ ಕಲಿತ ಹುಡುಗಿಯನ್ನು ಊಹಿಸಲು ಅಂಜಬೇಕಾಗಿಲ್ಲ. ಅಜ್ಜನ ದೋಣಿಯಲ್ಲಿ ಪರದೇಶದ ಪ್ರವಾಸಿಗಳು ಕುಳಿತಿದ್ದಾರೆ. ಗೇರುಸೊಪ್ಪೆಯಲ್ಲಿ ಇಳಿದಾಗ ಅರಮನೆ ಕಾಡಾಗಿದೆ. ಮೂವರು ಅದರ ಕಥೆ ಹೇಳುತ್ತಾರೆ, ಮೂರು ಸಲ ಅರಮನೆ ಏಳುತ್ತದೆ.

ರಾಯಭಾರಿಯ ದುಭಾಷಿ ಹೇಳುವ ಅರಮನೆ ಚಿನ್ನದ್ದು. ಪರಿಮಳ, ಪರದೆ, ಪ್ರೇಮ ಎಲ್ಲ ಅಲ್ಲಿವೆ. ಚಿತ್ರಕಾರನ ಗುಮ್ಮಟಗಳಿಗೂ ಅಲ್ಲಿ ಜಾಗ ಸಿಕ್ಕಿತು. ಆ ಕಥೆಯಲ್ಲಿ ರಾಣಿ ಯಾವಾಗಲೂ ಬೆನ್ನು ತೋರಿಸಿಯೇ ಕಾಣುತ್ತಾಳೆ, ಏಕೆಂದರೆ ಹೇಳುವವನು ಅವಳನ್ನು ಕಂಡವನೇ ಅಲ್ಲ. ಕೆಳದಿಯ ಹಳೆಯ ಸೈನಿಕ ಹೇಳುವ ಅರಮನೆಯಲ್ಲಿ ಬಾಗಿಲುಗಳು ಒಡೆದಿವೆ, ಕೋಣೆಗಳು ಖಾಲಿ; ಅವನು ಒಳಗೆ ಬಂದದ್ದು ಸೂರೆಯ ದಿನ. ಅಜ್ಜ ಹೇಳುವ ಅರಮನೆ ನದಿಯ ಕಡೆಯಿಂದ ಕಂಡದ್ದು: ಕಟ್ಟೆ, ಉಗ್ರಾಣ, ಅಳತೆಗಾರರು, ಜಗುಲಿಯ ತನಕ. ಅದರಾಚೆಗೆ ಅವನನ್ನು ಬಿಟ್ಟಿರಲಿಲ್ಲ. ಹಾಗಾಗಿ ಒಳಗಿನ ಕೋಣೆಗಳು ಅವನ ಕಥೆಯಲ್ಲಿ ಮಬ್ಬಾಗಿಯೇ ಉಳಿಯುತ್ತವೆ.

ಇದನ್ನು ಕಾಲೇಜು ವಿದ್ಯಾರ್ಥಿಗಳಿಗೆ ಆಡಿಸಿ ನೋಡಿದರು. ಆಡಿ ಮುಗಿದ ಮೇಲೆ ಯಾವ ಅರಮನೆ ನಿಜವಿರಬಹುದು ಎಂದು ಕೇಳಿದರೆ ಹೆಚ್ಚಿನವರು ಚಿನ್ನದ ಅರಮನೆಯನ್ನೇ ತೋರಿಸಿದರು. ಕಣ್ಣಿಗೆ ಅದೇ ಚೆಂದ, ಮನಸ್ಸಿನಲ್ಲಿ ಅದೇ ಉಳಿಯಿತು. ಯಾವ ಅಪವಾದಕ್ಕೆ ಕಾವಲು ಹಾಕಲು ಇಷ್ಟೆಲ್ಲ ಮಾಡಿದರೋ ಅದೇ ಗೆದ್ದಿತ್ತು. ತಂಡ ಅತ್ಯಂತ ಕುಗ್ಗಿದ ಸಮಯ ಅದು. ಅದೇ ಹೊತ್ತಿಗೆ ಪ್ರೋಗ್ರಾಮರುಗಳು ಇನ್ನೊಂದು ತೊಡಕು ಹೇಳಿದರು: ಮೂರು ಪೂರ್ಣ ಅರಮನೆಗಳನ್ನು ಸಾಧಾರಣ ಮೊಬೈಲ್ ಹೊರಲಾರದು.

ಎರಡು ಸಮಸ್ಯೆಗಳಿಗೂ ಒಂದೇ ಪರಿಹಾರ ಸಿಕ್ಕಿತು. ಮೊಬೈಲ್‌ನ ಭಾರ ಕಡಿಮೆ ಮಾಡಲು ಕಿರಿಯ ಪ್ರೋಗ್ರಾಮರ್ ಮೂರು ಅರಮನೆಗಳಿಗೂ ಒಂದೇ ತಳಪಾಯ ಇಟ್ಟು, ಮೇಲಿನ ಭಾಗಗಳನ್ನಷ್ಟೇ ಬದಲಿಸುವ ಏರ್ಪಾಡು ಮಾಡಿದಳು. ಅದನ್ನು ನೋಡಿದ ಕಥೆ ಬರೆಯುವವಳು, ಇತಿಹಾಸದಲ್ಲಿಯೂ ಆಗುವುದು ಇದೇ ತಾನೇ ಎಂದಳು. ಕಲ್ಲು ಉಳಿಯುತ್ತದೆ, ಮರ ಹೋಗುತ್ತದೆ, ಹೋದ ಮರದ ಜಾಗದಲ್ಲಿ ಮಾತು ಬೆಳೆಯುತ್ತದೆ. ಪ್ರತಿ ಕಥೆ ಮುಗಿದ ಮೇಲೆ ನಾಯಕಿ ಈಗ ಹಾಳುಬಿದ್ದ ತಳಪಾಯಕ್ಕೆ ಮರಳುತ್ತಾಳೆ. ಗಿಡಗಂಟಿ ಸರಿಸಿ ಕಂಬದ ಬುಡದ ಕಲ್ಲುಗಳನ್ನು ಎಣಿಸುತ್ತಾಳೆ. ದುಭಾಷಿಯ ಸಭಾಂಗಣದಲ್ಲಿದ್ದ ಕಂಬಗಳಿಗೆ ನೆಲದಲ್ಲಿ ಬುಡವೇ ಇಲ್ಲ. ಗುಮ್ಮಟದ ಭಾರ ಹೊರುವ ಗೋಡೆಯೂ ಇಲ್ಲ. ಸೈನಿಕ ಹೇಳಿದ ಬಾಗಿಲು ಇದ್ದ ಜಾಗದಲ್ಲಿ ಹೊಸ್ತಿಲಿನ ಕಲ್ಲು ಇದೆ. ಅಜ್ಜನ ಕಟ್ಟೆ ನೀರಿನ ಅಂಚಿನಲ್ಲಿ ಹಾಗೆಯೇ ಇದೆ. ಯಾರು ಎಷ್ಟು ನಂಬಲು ಯೋಗ್ಯರು ಎಂಬುದನ್ನು ಆಟಗಾರನೇ ಕೈಯಿಂದ ಮುಟ್ಟಿ ಕಂಡುಕೊಳ್ಳುತ್ತಾನೆ.

ಮುಂದಿನ ಪರೀಕ್ಷೆಯಲ್ಲಿ ಉತ್ತರಗಳು ಬದಲಾದವು. ಮಕ್ಕಳು ಒಬ್ಬರಿಗೊಬ್ಬರು ಸಾಕ್ಷಿ ಕೇಳತೊಡಗಿದ್ದರು. ಆ ತಳಪಾಯವೂ ತಂಡ ಕಟ್ಟಿದ್ದೇ ಎಂಬುದನ್ನು ಮುಚ್ಚಿಡಬಾರದೆಂದು ಮೂರು ಬಣ್ಣದ ಪಟ್ಟಿಯನ್ನು ಆಟದೊಳಗೇ ಇಟ್ಟರು. ಒಂದು ಗುಂಡಿ ಒತ್ತಿದರೆ ಕಣ್ಣೆದುರಿನ ಪ್ರತಿ ವಸ್ತುವೂ ತನ್ನ ಬಣ್ಣ ತೋರಿಸುತ್ತದೆ. ತಳಪಾಯ ಹಳದಿ.

ಫಲಿತಾಂಶ

ದೊಡ್ಡ ಊರಿನ ಸಂಸ್ಥೆ ಹಿಂದೆ ಸರಿಯಿತು. ತಂಡ ಮತ್ತೆ ಗುತ್ತಿಗೆಯ ಕೆಲಸ ಹಿಡಿದು, ಅದರ ಸಂಪಾದನೆಯಿಂದ ಮೊದಲ ಭಾಗವನ್ನಷ್ಟೇ ಮುಗಿಸಿ ಬಿಡುಗಡೆ ಮಾಡಿತು. ಕಾಳಗ ಕಡಿಮೆ ಎಂದು ಬಿಟ್ಟವರಿದ್ದಾರೆ, ಉಬ್ಬರಕ್ಕಾಗಿ ಕಾಯುವುದು ಬೇಸರ ಎಂದವರೂ ಇದ್ದಾರೆ. ಔತಣದ ದೃಶ್ಯವನ್ನು ಮತ್ತೆ ಮತ್ತೆ ಆಡಿದವರೂ ಇದ್ದಾರೆ.

ಎಲ್ಲಕ್ಕಿಂತ ಗಟ್ಟಿಯಾದ ವಿರೋಧ ಬಂದದ್ದು ನಮ್ಮ ಜಿಲ್ಲೆಯ ಯುವಕರಿಂದಲೇ. “ಮೈಸೂರಿನವರಿಗೆ ಅಷ್ಟು ದೊಡ್ಡ ಅರಮನೆ, ನಮ್ಮ ರಾಣಿಗೆ ಮರದ ಮನೆಯೇ?” ಎಂಬುದು ಅವರ ಪ್ರಶ್ನೆ. ಅದರ ಹಿಂದಿನ ಅಭಿಮಾನ ನನ್ನದೂ ಹೌದು. ತಂಡ ಅದನ್ನು ತಳ್ಳಿಹಾಕಲಿಲ್ಲ. ಅರಮನೆಯ ಹಿರಿಮೆಯನ್ನು ಎಲ್ಲಿ ತೋರಿಸಬೇಕು ಎಂದು ಮತ್ತೆ ಕುಳಿತು ಯೋಚಿಸಿದರು. ಅಂಗಳಗಳನ್ನು ಅಗಲ ಮಾಡಿದರು, ಇಡೀ ಮರದಿಂದ ಕಡಿದ ಕಂಬಗಳನ್ನು ಎತ್ತರಕ್ಕೆ ನಿಲ್ಲಿಸಿದರು, ಸಭಾಂಗಣದ ಮಾಡಿಗೆ ತಾಮ್ರದ ತಗಡು ಹೊದಿಸಿ ಪಟ್ಟಿಯಲ್ಲಿ ಅದಕ್ಕೆ ಊಹೆಯ ಕೆಂಪು ಬಣ್ಣ ಕೊಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ ಉಗ್ರಾಣಗಳನ್ನು ಬೆಳೆಸಿದರು. ಉಬ್ಬರದೊಡನೆ ಬಂದು ಸಾಲುಗಟ್ಟಿ ನಿಂತ ದೋಣಿಗಳು, ಚಾವಣಿ ಮುಟ್ಟುವ ಮೆಣಸಿನ ರಾಶಿ, ಬೆಲೆ ಕೇಳಲು ಬಿಸಿಲಲ್ಲಿ ಕಾದು ನಿಂತ ಲಿಸ್ಬನ್ನಿನ ಜನ. ಯುರೋಪಿನ ಒಂದು ದೇಶ ಅವಳನ್ನು ಗುರುತಿಸಿದ್ದು ಗುಮ್ಮಟದಿಂದಲ್ಲ, ಈ ರಾಶಿಯಿಂದ. ಹೊಸ ರೂಪ ನೋಡಿದ ಮೇಲೆ ವಿರೋಧಿಸಿದವರಲ್ಲಿ ಕೆಲವರು ಒಪ್ಪಿದರು, ಕೆಲವರು ಇಂದಿಗೂ ಒಪ್ಪಿಲ್ಲ.

ಇಂತಹ ಕೆಲಸಕ್ಕೆ ಕೈಹಾಕುವವರಿಗೆ ಈ ಪ್ರಕರಣದಿಂದ ನೇರವಾಗಿ ದೊರಕುವುದು ಇವು. ಬಣ್ಣದ ಪಟ್ಟಿಯನ್ನು ಮೊದಲ ವಾರವೇ ಶುರು ಮಾಡಬೇಕು; ಸಿದ್ಧ ಮಾದರಿಗಳನ್ನು ಕೊಂಡ ಮೇಲೆ ಮಾಡಿದರೆ ಎಸೆಯಬೇಕಾದದ್ದು ಹೆಚ್ಚು. ಪೂಜೆ, ಊಟ, ನೀರು ಈ ಮೂರರ ವಿಷಯದಲ್ಲಿ ಪುಸ್ತಕಕ್ಕಿಂತ ಮೊದಲು ಅದನ್ನು ಬದುಕುವವರನ್ನು ಕೇಳಬೇಕು, ಅದೂ ದೃಶ್ಯ ಕಟ್ಟುವುದಕ್ಕೆ ಮುಂಚೆ. ಅಪವಾದದ ಕಥೆ ದಾಖಲೆಯಲ್ಲಿ ಸಿಕ್ಕರೆ ಹೇಳಿದವನ ಹೆಸರು, ಅವನ ಜೊತೆಗಾರರು, ಅವನು ಹೊರಟಿದ್ದ ಊರು ಇವನ್ನು ಕಥೆಯಿಂದ ಬಿಡಿಸಬಾರದು. ಆಡಿಸಿ ನೋಡುವಾಗ “ಚೆನ್ನಾಗಿತ್ತೇ?” ಎಂದು ಕೇಳಿದರೆ ಸಾಲದು, “ಏನನ್ನು ನಂಬಿದಿರಿ?” ಎಂದು ಕೇಳಿದ್ದರಿಂದಲೇ ಚಿನ್ನದ ಅರಮನೆಯ ಅಪಾಯ ಗೊತ್ತಾಯಿತು.

ಎರಡನೆಯ ಭಾಗ ಇಕ್ಕೇರಿಯ ಸೆರೆಯದ್ದು. ಮೊದಲ ಭಾಗದಲ್ಲಿ ರಾಣಿಯ ಮುಖವನ್ನು ಎಲ್ಲಿಯೂ ತೋರಿಸಿಲ್ಲ. ಸೆರೆಯಲ್ಲಿ ಅವಳೊಬ್ಬಳೇ ಇರುವಾಗ, ಕಥೆ ಹೇಳುವ ಬೇರೆಯವರು ಯಾರೂ ಇಲ್ಲದಿರುವಾಗ, ಆ ಮುಖವನ್ನು ಬರೆಯಬೇಕೋ ಬೇಡವೋ ಎಂಬುದು ಈಗ ತಂಡದ ಮುಂದಿರುವ ಪ್ರಶ್ನೆ. ಚಿತ್ರಕಾರ ಬರೆಯಬಾರದು ಎನ್ನುತ್ತಾನೆ. ಗುಮ್ಮಟಕ್ಕಾಗಿ ನನ್ನೊಡನೆ ವಾದಿಸಿದವನು ಅವನೇ. ಕಥೆ ಬರೆಯುವವಳು, ಇಷ್ಟು ಕಾಲ ಬೇರೆಯವರ ಬಾಯಲ್ಲಿ ಉಳಿದವಳಿಗೆ ಒಮ್ಮೆಯಾದರೂ ಮುಖ ಕೊಡಬೇಕು, ಕೆಂಪು ಬಣ್ಣ ಹಚ್ಚಿಯೇ ಕೊಡೋಣ ಎನ್ನುತ್ತಾಳೆ. ನಾನು ಅವಳ ಪರವಾಗಿದ್ದೇನೆ.